ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ನಕ್ಷೆ ಬಿಡಿಸುವುದು: ಮೊದಲು ವಿಂಡೋ, ಆಮೇಲೆ ಗ್ರಾಫ್ ಕೀ

ಟಿಐ-84 ಪ್ಲಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರಿನ ಪರದೆಯಲ್ಲಿ ನಕ್ಷೆಗೆಂದು ಸಿಗುವ ಜಾಗ ಅಡ್ಡಕ್ಕೆ 95 ಚುಕ್ಕಿ, ಎತ್ತರಕ್ಕೆ 63 ಚುಕ್ಕಿ, ಅಷ್ಟೇ. ಫಂಕ್ಷನ್ ಬರೆದು ಗ್ರಾಫ್ ಕೀ ಒತ್ತಿದಾಗ ಯಂತ್ರ ಎಡ ಅಂಚಿನಿಂದ ಶುರುಮಾಡುತ್ತದೆ. ಒಂದೊಂದು ಲಂಬಸಾಲಿಗೂ ಒಂದು ಎಕ್ಸ್ ಬೆಲೆ ಹಾಕಿ ವೈ ಲೆಕ್ಕ ಮಾಡುತ್ತದೆ, ಆ ಎತ್ತರದಲ್ಲಿ ಚುಕ್ಕಿ ಇಡುತ್ತದೆ, ಹಿಂದಿನ ಚುಕ್ಕಿಯಿಂದ ಇಲ್ಲಿಗೆ ಗೆರೆ ಎಳೆದು ಮುಂದಕ್ಕೆ ಹೋಗುತ್ತದೆ. ಒಟ್ಟು 95 ಲೆಕ್ಕ. ಎರಡು ಚುಕ್ಕಿಗಳ ನಡುವೆ ಫಂಕ್ಷನ್ ಏನು ಮಾಡಿತೋ ಅದಕ್ಕೆ ಗೊತ್ತಿಲ್ಲ. ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇಯಲ್ಲಿ ಈ ಜಾಗ 265ಕ್ಕೆ 165 ಚುಕ್ಕಿ. ಗೆರೆ ನುಣುಪಾಗಿ ಕಾಣುತ್ತದೆ, ವಿಧಾನ ಮಾತ್ರ ಅದೇ.

ಈ ಒಂದು ಸಂಗತಿ ತಲೆಯಲ್ಲಿದ್ದರೆ ಪರದೆಯ ಮೇಲಿನ ಮುಕ್ಕಾಲು ಪಾಲು ಗೊಂದಲಗಳಿಗೆ ಕಾರಣ ತಾನಾಗಿ ಹೊಳೆಯುತ್ತದೆ. ಇಲ್ಲಿ ಕೀಗಳ ಹೆಸರನ್ನೆಲ್ಲ ಟಿಐ-84 ಪ್ಲಸ್‌ನದ್ದೇ ಹೇಳಿದ್ದೇವೆ. ಕ್ಯಾಸಿಯೊ ಬಳಸುವವರಿಗೆ ಬೇಕಾದ ವ್ಯತ್ಯಾಸಗಳು ಕೊನೆಯಲ್ಲಿವೆ.

ಶುರುವಿಗೆ ಮುನ್ನ ನೋಡಬೇಕಾದ ಎರಡು ಜಾಗ

ಮೊದಲು ‘ಮೋಡ್’ ಕೀ ಒತ್ತಿ, ರೇಡಿಯನ್ ಇದೆಯೋ ಡಿಗ್ರಿ ಇದೆಯೋ ನೋಡಿ. ವಿಂಡೋ ಎಂದರೆ ಪರದೆ ತೋರಿಸುವ ಎಕ್ಸ್, ವೈ ವ್ಯಾಪ್ತಿ. ಡಿಗ್ರಿಯಲ್ಲಿಟ್ಟು −10ರಿಂದ 10ರ ವಿಂಡೋದಲ್ಲಿ ಸೈನ್ ನಕ್ಷೆ ಬಿಡಿಸಿದರೆ ಪರದೆಯಲ್ಲಿ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ನಕ್ಷೆ ಇದೆ, ಆದರೆ 10 ಡಿಗ್ರಿಯ ಸೈನ್ ಬರೀ 0.17. ಆ ವಿಂಡೋದಲ್ಲಿ ಒಂದು ಚುಕ್ಕಿಯ ಎತ್ತರವೇ 0.32 ಆಗಿರುವುದರಿಂದ ಹೆಚ್ಚುಕಡಿಮೆ ಇಡೀ ನಕ್ಷೆ ಎಕ್ಸ್ ಅಕ್ಷದ ಗೆರೆಯೊಳಗೇ ಮುಚ್ಚಿಹೋಗುತ್ತದೆ. ತ್ರಿಕೋನಮಿತಿಯ ನಕ್ಷೆಗಳಿಗೆ ರೇಡಿಯನ್ ಇಟ್ಟುಕೊಳ್ಳುವುದು ಒಳ್ಳೆಯದು; ಡಿಗ್ರಿಯೇ ಬೇಕಿದ್ದರೆ ಎಕ್ಸ್ ವ್ಯಾಪ್ತಿಯನ್ನು −360ರಿಂದ 360ರಷ್ಟು ಅಗಲ ಮಾಡಿ.

ಇನ್ನೊಂದು, ‘ವೈ=’ ಪರದೆಯ ನೆತ್ತಿಯಲ್ಲಿರುವ ಪ್ಲಾಟ್1, ಪ್ಲಾಟ್2, ಪ್ಲಾಟ್3. ಇವು ಅಂಕಿಅಂಶದ ನಕ್ಷೆಗಳ ಸ್ವಿಚ್‌ಗಳು. ಬಾಣದ ಕೀ ಒತ್ತುವಾಗ ಕೈತಪ್ಪಿ ಪ್ಲಾಟ್1 ಆನ್ ಆಗಿದ್ದು, ಪಟ್ಟಿಯಲ್ಲಿ ದತ್ತಾಂಶ ಇಲ್ಲದಿದ್ದರೆ, ನಿಮ್ಮ ಫಂಕ್ಷನ್ ಎಷ್ಟೇ ಸರಿಯಿದ್ದರೂ ಎರರ್ ಬರುತ್ತದೆ. ಹೆಸರಿನ ಹಿಂದೆ ಕಪ್ಪು ಬಣ್ಣ ತುಂಬಿದ್ದರೆ ಅದು ಆನ್ ಆಗಿದೆ ಎಂದರ್ಥ. ಅಲ್ಲಿಗೆ ಹೋಗಿ ‘ಎಂಟರ್’ ಒತ್ತಿದರೆ ಆಫ್ ಆಗುತ್ತದೆ. ಸಮ ಚಿಹ್ನೆಯ ವಿಷಯದಲ್ಲೂ ಹೀಗೆಯೇ. ವೈ1ರ ಪಕ್ಕದ ಸಮ ಚಿಹ್ನೆ ಕಪ್ಪಾಗಿದ್ದರೆ ಮಾತ್ರ ಆ ಫಂಕ್ಷನ್ ಬಿಡಿಸಲ್ಪಡುತ್ತದೆ. ಬರೆದದ್ದನ್ನು ಅಳಿಸದೆ ತಾತ್ಕಾಲಿಕವಾಗಿ ಮರೆಮಾಡಲು ಇದೇ ಸುಲಭದ ದಾರಿ.

ಫಂಕ್ಷನ್ ಬರೆಯುವಾಗ

ಮೈನಸ್ ಕೀಗಳು ಎರಡಿವೆ. ಕಳೆಯುವುದಕ್ಕೆ ಒಂದು, ಋಣ ಸಂಖ್ಯೆಗೆ ‘ಎಂಟರ್’ ಪಕ್ಕದ, ಆವರಣದೊಳಗಿನ ಮೈನಸ್. ಫಂಕ್ಷನ್ನಿನ ಮೊದಲಲ್ಲೇ ಕಳೆಯುವ ಮೈನಸ್ ಒತ್ತಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಹೊಸಬರಿಗೆ ಬರುವ ಸಿಂಟ್ಯಾಕ್ಸ್ ಎರರ್‌ಗಳಲ್ಲಿ ಹೆಚ್ಚಿನವು ಇದರಿಂದಲೇ.

ಆವರಣಗಳಲ್ಲಿ ಜಿಪುಣತನ ಬೇಡ. ಸೈನ್ ಕೀ ಒತ್ತಿದರೆ ಎಡ ಆವರಣ ತಾನೇ ತೆರೆದುಕೊಳ್ಳುತ್ತದೆ, ಮುಚ್ಚುವುದು ನಿಮ್ಮ ಜವಾಬ್ದಾರಿ. ಮುಚ್ಚದೆ ಮುಂದೆ +1 ಬರೆದರೆ ಆ 1 ಕೋನದೊಳಗೆ ಸೇರಿಕೊಳ್ಳುತ್ತದೆ: ಅಲೆ ಮೇಲಕ್ಕೆ ಏರುವ ಬದಲು ಎಡಕ್ಕೆ ಸರಿಯುತ್ತದೆ. ಎರರ್ ಬಾರದ ತಪ್ಪು ಇದು, ಹಾಗಾಗಿ ಗಮನಕ್ಕೂ ಬರುವುದಿಲ್ಲ. ಭಿನ್ನರಾಶಿಯಲ್ಲಿ ಛೇದ ಒಂದಕ್ಕಿಂತ ಹೆಚ್ಚು ಪದಗಳದ್ದಾಗಿದ್ದರೆ ಆವರಣ ಬೇಕೇ ಬೇಕು. 1/ಎಕ್ಸ್−2 ಎಂದು ಬರೆದರೆ ಯಂತ್ರ ಮೊದಲು 1/ಎಕ್ಸ್ ಮಾಡಿ ಆಮೇಲೆ 2 ಕಳೆಯುತ್ತದೆ.

1/2ಎಕ್ಸ್ ಎಂದು ಬರೆಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಟಿಐ-84 ಇದನ್ನು ಅರ್ಧ ಗುಣಿಸು ಎಕ್ಸ್ ಎಂದು ಓದುತ್ತದೆ. ಕ್ಯಾಸಿಯೊದಲ್ಲಿ ಭಾಗಾಕಾರದ ಕೀ ಬಳಸಿ ಇದನ್ನೇ ಬರೆದರೆ 2ಎಕ್ಸ್ ಪೂರ್ತಿ ಛೇದಕ್ಕೆ ಹೋಗುತ್ತದೆ. ಒಂದರಲ್ಲಿ ಸರಳರೇಖೆ, ಇನ್ನೊಂದರಲ್ಲಿ ಎರಡು ತುಂಡಿನ ವಕ್ರರೇಖೆ. ಯಾವುದು ಬೇಕೋ ಅದಕ್ಕೆ ಆವರಣ ಹಾಕಿದರೆ ಎರಡೂ ಯಂತ್ರ ಒಂದೇ ಮಾತು ಆಡುತ್ತವೆ.

ವಿಂಡೋ: ಕೆಲಸವೆಲ್ಲ ಇರುವುದು ಇಲ್ಲಿ

‘ಝೂಮ್’ ಒತ್ತಿ 6 ಒತ್ತಿದರೆ ಎರಡೂ ಅಕ್ಷ −10ರಿಂದ 10ಕ್ಕೆ ಬರುತ್ತವೆ. ಇದಕ್ಕೆ ಝೂಮ್ ಸ್ಟಾಂಡರ್ಡ್ ಎಂದು ಹೆಸರು. ಪಠ್ಯಪುಸ್ತಕದ ಪರವಲಯಗಳಿಗೆ ಸಾಮಾನ್ಯವಾಗಿ ಇಷ್ಟು ಸಾಕು, ಬೇರೆಯದಕ್ಕೆ ಸಾಲದು. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡೋಣ:

ವೈ = ಎಕ್ಸ್³ − 15ಎಕ್ಸ್² + 50ಎಕ್ಸ್

ಝೂಮ್ 6 ಒತ್ತಿದರೆ ನಕ್ಷೆಯ ಬದಲು ನಿಂತ ಕಡ್ಡಿಗಳು ಕಾಣುತ್ತವೆ. ಎಕ್ಸ್ 5 ಇರುವಲ್ಲಿ ಒಂದು. ವೈ ಅಕ್ಷಕ್ಕೆ ಅಂಟಿಕೊಂಡಂತೆ ಒಂದು. ಬಲ ಅಂಚಿನಲ್ಲಿ ಇದೆಯೋ ಇಲ್ಲವೋ ಎನ್ನುವಂತೆ ಇನ್ನೊಂದು. ನಕ್ಷೆಯ ಗುಡ್ಡವೂ ಇಲ್ಲ, ತಗ್ಗೂ ಇಲ್ಲ, ಎಲ್ಲ ಪರದೆಯಾಚೆ.

ಇಲ್ಲಿ ಹಲವರು ಝೂಮ್ 0, ಅಂದರೆ ಝೂಮ್ ಫಿಟ್ ಒತ್ತುತ್ತಾರೆ. ಅದು ಎಕ್ಸ್ ವ್ಯಾಪ್ತಿಯನ್ನು ಮುಟ್ಟದೆ, ಆ ವ್ಯಾಪ್ತಿಯಲ್ಲಿ ವೈ ಎಷ್ಟು ಕೆಳಗೆ ಎಷ್ಟು ಮೇಲೆ ಹೋಗುತ್ತದೆ ನೋಡಿ ಅಷ್ಟಕ್ಕೆ ಪರದೆ ಹೊಂದಿಸುತ್ತದೆ. ಕೇಳಲು ಚೆಂದ. ಆದರೆ ಎಕ್ಸ್ −10 ಆದಾಗ ಈ ಫಂಕ್ಷನ್ನಿನ ಬೆಲೆ −3000. ಪರದೆ −3000ರಿಂದ 48ರವರೆಗೆ ಹಿಗ್ಗುತ್ತದೆ, ನಮಗೆ ಬೇಕಾದ ಗುಡ್ಡ ಮತ್ತು ತಗ್ಗು ಎರಡೂ ಸೇರಿ ಎರಡು ಚುಕ್ಕಿಯಷ್ಟು ಎತ್ತರಕ್ಕೆ ಕುಗ್ಗಿಹೋಗುತ್ತವೆ. ಝೂಮ್ ಫಿಟ್‌ನ ತಪ್ಪಲ್ಲ ಇದು. ಎಕ್ಸ್ ವ್ಯಾಪ್ತಿ ಸರಿಯಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಸರಿಯಾದ ದಾರಿ ಹೀಗೆ. ಅಪವರ್ತಿಸಲು ಬಂದರೆ ಮೊದಲು ಅದನ್ನೇ ಮಾಡಿ: ಎಕ್ಸ್(ಎಕ್ಸ್−5)(ಎಕ್ಸ್−10). ಶೂನ್ಯತೆಗಳು, ಅಂದರೆ ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳು, 0, 5, 10. ಅಂದ ಮೇಲೆ ಎಕ್ಸ್ ವ್ಯಾಪ್ತಿ ಇವನ್ನು ಒಳಗೊಂಡು ಎರಡೂ ಕಡೆ ಸ್ವಲ್ಪ ಜಾಗ ಬಿಡಬೇಕು. −2ರಿಂದ 12 ಎನ್ನೋಣ. ಅಪವರ್ತಿಸಲು ಬಾರದ ಫಂಕ್ಷನ್‌ಗಳಿಗೂ, ವೈ ವ್ಯಾಪ್ತಿ ತಿಳಿಯುವುದಕ್ಕೂ ಕೋಷ್ಟಕದ ಸಹಾಯ ಬೇಕು. ‘ಸೆಕೆಂಡ್’ ಒತ್ತಿ ‘ವಿಂಡೋ’ ಒತ್ತಿದರೆ ಕೋಷ್ಟಕದ ಸಿದ್ಧತೆ ತೆರೆಯುತ್ತದೆ. ಶುರುವಿನ ಬೆಲೆ −2, ಹೆಜ್ಜೆ 1 ಕೊಡಿ. ಆಮೇಲೆ ‘ಸೆಕೆಂಡ್’, ‘ಗ್ರಾಫ್’ ಒತ್ತಿ ಕೋಷ್ಟಕ ನೋಡಿ:

ಎಕ್ಸ್ 1ಕ್ಕೆ ವೈ 36, 2ಕ್ಕೆ 48, 3ಕ್ಕೆ 42, 5ಕ್ಕೆ 0, 7ಕ್ಕೆ −42, 8ಕ್ಕೆ −48, 10ಕ್ಕೆ 0, 12ಕ್ಕೆ 168.

ಗುಡ್ಡ 48ರ ಸುತ್ತ, ತಗ್ಗು −48ರ ಸುತ್ತ. ತುದಿಯ 168ಕ್ಕೆ ಪರದೆ ಹಿಗ್ಗಿಸುವ ಅಗತ್ಯವಿಲ್ಲ, ಅದು ಮೇಲಕ್ಕೆ ಹೋಗುತ್ತಿದೆ ಎಂದು ತಿಳಿದರೆ ಸಾಕು. ಈಗ ‘ವಿಂಡೋ’ ಒತ್ತಿ ಎಕ್ಸ್ ಕನಿಷ್ಠ −2, ಗರಿಷ್ಠ 12, ಗುರುತು 1. ವೈ ಕನಿಷ್ಠ −60, ಗರಿಷ್ಠ 60, ಗುರುತು 10 ಎಂದು ತುಂಬಿ. ಗುರುತು ಎಂದರೆ ಅಕ್ಷದ ಮೇಲಿನ ಗೀಟುಗಳ ಅಂತರ. ಇದನ್ನು 1ರಲ್ಲೇ ಬಿಟ್ಟರೆ 120 ಗೀಟುಗಳು 63 ಚುಕ್ಕಿಯಲ್ಲಿ ತುರುಕಿಕೊಂಡು ವೈ ಅಕ್ಷ ದಪ್ಪ ಪಟ್ಟಿಯಂತೆ ಕಾಣುತ್ತದೆ. ಪಟ್ಟಿಯ ಕೊನೆಯಲ್ಲಿರುವ ಎಕ್ಸ್ ರೆಸ್ 1 ಇದ್ದರೆ ಪ್ರತಿ ಸಾಲಿಗೂ ಲೆಕ್ಕ ನಡೆಯುತ್ತದೆ, 8 ಇದ್ದರೆ ಎಂಟು ಸಾಲಿಗೊಮ್ಮೆ, 1ರಲ್ಲೇ ಇರಲಿ. ಕನಿಷ್ಠದ ಜಾಗದಲ್ಲಿ ಗರಿಷ್ಠಕ್ಕಿಂತ ದೊಡ್ಡ ಸಂಖ್ಯೆ ಬರೆದುಬಿಟ್ಟಿದ್ದರೆ ವಿಂಡೋ ರೇಂಜ್ ಎರರ್ ಬರುತ್ತದೆ.

ಗ್ರಾಫ್ ಒತ್ತಿ. ಈಗ ನಿಜವಾದ ನಕ್ಷೆ.

ಪರದೆ ಸುಳ್ಳು ಹೇಳುವ ಜಾಗಗಳು

ವೈ = ಸೈನ್(20 ಪೈ ಎಕ್ಸ್) ಎಂದು ರೇಡಿಯನ್ನಿನಲ್ಲಿ ಬರೆದು ಝೂಮ್ 4 ಒತ್ತಿ ನೋಡಿ. ಝೂಮ್ 4, ಅಂದರೆ ಝೂಮ್ ಡೆಸಿಮಲ್, ಟಿಐ-84 ಪ್ಲಸ್‌ನಲ್ಲಿ ಎಕ್ಸ್ ಅನ್ನು −4.7ರಿಂದ 4.7ಕ್ಕೂ ವೈ ಅನ್ನು −3.1ರಿಂದ 3.1ಕ್ಕೂ ಇಡುತ್ತದೆ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸರಿಯಾಗಿ 0.1. ಪರದೆಯಲ್ಲಿ 94 ಅಲೆಗಳಿರಬೇಕು. ಕಾಣುವುದು ಎಕ್ಸ್ ಅಕ್ಷ ಮಾತ್ರ. ಏಕೆಂದರೆ ಈ ಅಲೆಯ ಆವರ್ತವೂ (ಒಂದು ಪೂರ್ತಿ ಅಲೆಯ ಅಗಲ) 0.1, ಯಂತ್ರ ಪ್ರತಿ ಸಲವೂ ಅಲೆ ಸೊನ್ನೆ ದಾಟುವ ಜಾಗದಲ್ಲೇ ಇಣುಕಿ ನೋಡುತ್ತದೆ, ಪ್ರತಿ ಸಲವೂ ಸೊನ್ನೆ ಸಿಗುತ್ತದೆ. 20ರ ಜಾಗದಲ್ಲಿ 22 ಹಾಕಿದರೆ ಇನ್ನೂ ಮೋಸ: ಆವರ್ತ 1 ಇರುವ ಅಂದವಾದ ಅಲೆ ಕಾಣುತ್ತದೆ, ನಿಜವಾದ ಆವರ್ತ ಅದರ ಹನ್ನೊಂದನೇ ಒಂದು ಭಾಗ. ಸಿಇಯಲ್ಲಿ ಚುಕ್ಕಿಗಳ ಅಂತರ 0.05 ಆದ್ದರಿಂದ ಈ ಎರಡನೇ ಮೋಸ ಬೇರೆ ರೂಪದಲ್ಲಿ ಬರುತ್ತದೆ, ಮೊದಲನೆಯದು ಹಾಗೆಯೇ ಬರುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಸೈನ್‌ನೊಳಗೆ ಎಕ್ಸ್‌ನ ಗುಣಕ ಏನಿದೆಯೋ ಅದರಿಂದ 2 ಪೈಯನ್ನು ಭಾಗಿಸಿದರೆ ಆವರ್ತ ಸಿಗುತ್ತದೆ. ಎಕ್ಸ್ ವ್ಯಾಪ್ತಿಯನ್ನು ಆ ಆವರ್ತದ ಮೂರು ನಾಲ್ಕು ಪಟ್ಟಿಗೆ ಇಡಿ. ಇಲ್ಲಿ 0ಯಿಂದ 0.3 ಇಟ್ಟರೆ ಮೂರು ಅಲೆಗಳು ಸ್ಪಷ್ಟವಾಗಿ ಕಾಣುತ್ತವೆ.

ಛೇದ ಸೊನ್ನೆಯಾಗುವ ಫಂಕ್ಷನ್‌ಗಳದ್ದು ಬೇರೆ ಬಗೆಯ ಸಮಸ್ಯೆ. 1/(ಎಕ್ಸ್−2) ಅನ್ನು ಝೂಮ್ ಸ್ಟಾಂಡರ್ಡ್‌ನಲ್ಲಿ ಬಿಡಿಸಿದರೆ ಕಪ್ಪುಬಿಳುಪು ಪರದೆಯಲ್ಲಿ ಎಕ್ಸ್ 2ರ ಹತ್ತಿರ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಬೀಳುತ್ತದೆ. ಅದು ನಕ್ಷೆಯ ಭಾಗವಲ್ಲ. ಯಂತ್ರ 2ರ ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಒಂದು ಚುಕ್ಕಿ ಲೆಕ್ಕಹಾಕಿ ಎಂದಿನಂತೆ ಎರಡನ್ನೂ ಜೋಡಿಸಿದೆ. ಝೂಮ್ ಡೆಸಿಮಲ್‌ನಲ್ಲಾದರೆ ಎಕ್ಸ್ ಸರಿಯಾಗಿ 2ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿ ಬೆಲೆ ಸಿಗುವುದಿಲ್ಲ, ಚುಕ್ಕಿ ಇಡುವುದಿಲ್ಲ, ಸುಳ್ಳು ಗೆರೆಯೂ ಬರುವುದಿಲ್ಲ. ವಿಂಡೋ ಬದಲಿಸಲು ಇಷ್ಟವಿಲ್ಲದಿದ್ದರೆ ವೈ1ರ ಎಡಕ್ಕಿರುವ ಸಣ್ಣ ಗೆರೆಯ ಚಿಹ್ನೆಗೆ ಹೋಗಿ, ಚುಕ್ಕಿ ಶೈಲಿ ಬರುವವರೆಗೆ ಎಂಟರ್ ಒತ್ತಿ. ಬಣ್ಣದ ಮಾದರಿಗಳಲ್ಲಿ ಇಂಥ ಜಾಗಗಳನ್ನು ಗುರುತಿಸುವ ಆಯ್ಕೆಯೊಂದು ಫಾರ್ಮ್ಯಾಟ್ ಪರದೆಯಲ್ಲೇ ಇದೆ.

ಇದೇ ಕಾರಣಕ್ಕೆ (ಎಕ್ಸ್²−4)/(ಎಕ್ಸ್−2) ಝೂಮ್ ಸ್ಟಾಂಡರ್ಡ್‌ನಲ್ಲಿ ಅಖಂಡ ಸರಳರೇಖೆಯಂತೆ ಕಾಣುತ್ತದೆ. ಎಕ್ಸ್ 2ರಲ್ಲಿರುವ ತೂತು ಕಾಣಬೇಕಿದ್ದರೆ ಝೂಮ್ ಡೆಸಿಮಲ್ ಒತ್ತಿ, ಆಮೇಲೆ ವೈ ಗರಿಷ್ಠವನ್ನು 3.1ರಿಂದ 6ಕ್ಕೆ ಏರಿಸಿ, ಏಕೆಂದರೆ ತೂತು ಇರುವುದು ವೈ 4ರಲ್ಲಿ.

ವೃತ್ತ ಮೊಟ್ಟೆಯಂತೆ ಕಾಣುವುದು ಪರದೆ ಚೌಕವಾಗಿಲ್ಲದ್ದರಿಂದ. ಝೂಮ್ 5 ಎರಡೂ ಅಕ್ಷಗಳ ಅಳತೆಯನ್ನು ಸಮ ಮಾಡುತ್ತದೆ. ಆದರೂ ವೃತ್ತದ ಎಡ ಬಲ ತುದಿಗಳಲ್ಲಿ ಸಂದು ಉಳಿಯಬಹುದು: √(25−ಎಕ್ಸ್²) ಎಕ್ಸ್ 5ನ್ನು ದಾಟಿದರೆ ಬೆಲೆ ಕೊಡುವುದಿಲ್ಲ, 5ಕ್ಕೆ ಸರಿಯಾಗಿ ಚುಕ್ಕಿ ಬೀಳದಿದ್ದರೆ ಮೇಲಿನ ಅರ್ಧ ಕೆಳಗಿನ ಅರ್ಧ ಮುಟ್ಟುವುದಿಲ್ಲ. ವೈ1ಕ್ಕೆ √(9−ಎಕ್ಸ್²), ವೈ2ಕ್ಕೆ −ವೈ1 ಕೊಟ್ಟು ಝೂಮ್ 4 ಒತ್ತಿದರೆ ತ್ರಿಜ್ಯ 3ರ ವೃತ್ತ ಸಂದಿಲ್ಲದೆ ಪೂರ್ತಿಯಾಗುತ್ತದೆ.

ನಕ್ಷೆಯಿಂದ ಬೆಲೆ ಓದುವುದು

‘ಟ್ರೇಸ್’ ಒತ್ತಿ ಬಾಣದ ಕೀಲಿಯಿಂದ ನಡೆದರೆ ಕರ್ಸರ್ ಚುಕ್ಕಿಯಿಂದ ಚುಕ್ಕಿಗೆ ಹಾರುತ್ತದೆ. ಮೇಲಿನ ಉದಾಹರಣೆಯ ಗುಡ್ಡದ ನೆತ್ತಿಯನ್ನು ಟ್ರೇಸ್‌ನಲ್ಲಿ ಓದಿ ಉತ್ತರವೆಂದು ಬರೆದರೆ ಅದು ಅಂದಾಜು ಮಾತ್ರ. ನಿಖರ ಬೆಲೆಗೆ ‘ಸೆಕೆಂಡ್’, ‘ಟ್ರೇಸ್’ ಒತ್ತಿ ಲೆಕ್ಕದ ಪಟ್ಟಿ ತೆರೆಯಿರಿ: 1 ಬೆಲೆ, 2 ಶೂನ್ಯತೆ, 3 ಕನಿಷ್ಠ, 4 ಗರಿಷ್ಠ, 5 ಛೇದನ ಬಿಂದು, 6 ಅವಕಲನ, 7 ಅನುಕಲನ.

ಗರಿಷ್ಠಕ್ಕೆ 4 ಒತ್ತಿದರೆ ಎಡ ಮಿತಿ, ಬಲ ಮಿತಿ, ಅಂದಾಜು ಎಂದು ಮೂರು ಸಲ ಕೇಳುತ್ತದೆ. ಬಾಣದ ಕೀಯಿಂದ ತೆವಳುತ್ತಾ ಹೋಗಬೇಕಾಗಿಲ್ಲ, ಸಂಖ್ಯೆಯನ್ನೇ ಒತ್ತಬಹುದು: 0 ಎಂಟರ್, 5 ಎಂಟರ್, 2 ಎಂಟರ್. ಎಕ್ಸ್ ಸುಮಾರು 2.1132, ವೈ ಸುಮಾರು 48.1125 ಬರುತ್ತದೆ. ಕೊನೆಯ ಒಂದೆರಡು ಅಂಕಿ ನಂಬಬೇಡಿ. ಶೂನ್ಯತೆ ಹುಡುಕುವಾಗ ವೈ ಬೆಲೆ ಸೊನ್ನೆಯ ಬದಲು 10ರ −12ನೇ ಘಾತದಂಥ ಪುಟ್ಟ ಸಂಖ್ಯೆಯಾಗಿ ಬಂದರೂ ಗಾಬರಿ ಬೇಡ, ಅದು ಸೊನ್ನೆಯೇ.

ಶೂನ್ಯತೆಯ ಆಯ್ಕೆ ಚಿಹ್ನೆ ಬದಲಾಗುವ ಜಾಗವನ್ನು ಹುಡುಕುತ್ತದೆ. (ಎಕ್ಸ್−2)²ದಂತೆ ಅಕ್ಷವನ್ನು ಮುಟ್ಟಿ ಮರಳುವ ನಕ್ಷೆಗೆ ಚಿಹ್ನೆ ಬದಲಾಗುವುದೇ ಇಲ್ಲ, ಹಾಗಾಗಿ ಎರರ್ ಬರಬಹುದು. ಅಲ್ಲಿ 3 ಒತ್ತಿ ಕನಿಷ್ಠ ಹುಡುಕಿ.

ಛೇದನ ಬಿಂದುವಿಗೆ ಒಳ್ಳೆಯ ಪರೀಕ್ಷೆ ಎಂದರೆ 2ರ ಎಕ್ಸ್ ಘಾತ ಮತ್ತು ಎಕ್ಸ್². ಝೂಮ್ ಸ್ಟಾಂಡರ್ಡ್‌ನಲ್ಲಿ ಎರಡೇ ಕಡೆ ಸೇರುವಂತೆ ಕಾಣುತ್ತವೆ, ಎಕ್ಸ್ 2ರಲ್ಲಿ ಒಮ್ಮೆ, ಸೊನ್ನೆಯ ಎಡಕ್ಕೆ ಒಮ್ಮೆ. ಮೂರನೆಯದು ಎಕ್ಸ್ 4ರಲ್ಲಿದೆ, ಅಲ್ಲಿ ವೈ 16, ಪರದೆ 10ಕ್ಕೇ ಮುಗಿದಿದೆ. ವೈ ಗರಿಷ್ಠವನ್ನು 20 ಮಾಡಿದರೆ ಅದು ಒಳಗೆ ಬರುತ್ತದೆ, ಆದರೆ 2ರಿಂದ 4ರವರೆಗೆ ಎರಡೂ ನಕ್ಷೆಗಳ ನಡುವಿನ ಅಂತರ ಎಷ್ಟು ಕಡಿಮೆಯೆಂದರೆ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಇಂಥ ಕಡೆ ವೈ3ಕ್ಕೆ ವೈ1−ವೈ2 ಕೊಟ್ಟು, ಉಳಿದೆರಡನ್ನು ಆಫ್ ಮಾಡಿ, ವೈ3ರ ಶೂನ್ಯತೆಗಳನ್ನು ಹುಡುಕುವುದೇ ಮೇಲು. −0.7667ರ ಆಸುಪಾಸು, 2, 4: ಮೂರೂ ಅಕ್ಷದ ಮೇಲೆ ಬೇರೆಬೇರೆಯಾಗಿ ನಿಲ್ಲುತ್ತವೆ. ಸಿಕ್ಕ ಬೆಲೆ ಎಕ್ಸ್ ಎಂಬ ಸ್ಮೃತಿಯಲ್ಲಿ ಕುಳಿತಿರುತ್ತದೆ. ಮುಂದಿನ ಲೆಕ್ಕಕ್ಕೆ ಬೇಕಿದ್ದರೆ ಹೋಂ ಪರದೆಗೆ ಹೋಗಿ ತಕ್ಷಣ ಬೇರೆ ಅಕ್ಷರಕ್ಕೆ ಉಳಿಸಿಕೊಳ್ಳಿ, ಇನ್ನೊಂದು ನಕ್ಷೆ ಬಿಡಿಸಿದರೆ ಅದು ಅಳಿಸಿಹೋಗುತ್ತದೆ.

ತುಂಡು ನಕ್ಷೆಗಳು

ಎಕ್ಸ್ 1ಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ಎಕ್ಸ್² ಬೇಕು ಎನ್ನಿ. ‘ಸೆಕೆಂಡ್’, ‘ಮ್ಯಾಥ್’ ಒತ್ತಿದರೆ ಅಸಮತೆಯ ಚಿಹ್ನೆಗಳು ಸಿಗುತ್ತವೆ. ಎಕ್ಸ್²/(ಎಕ್ಸ್<1) ಎಂದು ಬರೆಯಿರಿ. ಆವರಣದೊಳಗಿನದು ನಿಜವಾದರೆ 1, ಸುಳ್ಳಾದರೆ 0. ಸೊನ್ನೆಯಿಂದ ಭಾಗಿಸಲಾಗದು, ಆದ್ದರಿಂದ ಆ ಭಾಗದಲ್ಲಿ ಚುಕ್ಕಿಯೇ ಬೀಳುವುದಿಲ್ಲ. ಭಾಗಾಕಾರದ ಬದಲು ಗುಣಿಸಿದರೆ ಮಿಕ್ಕ ಭಾಗವೆಲ್ಲ ವೈ ಸೊನ್ನೆಯಾಗಿ ಅಕ್ಷದ ಮೇಲೆ ಗೆರೆ ಬೀಳುತ್ತದೆ.

ಎರಡು ಕಡೆಯ ಮಿತಿಗೆ (−1<ಎಕ್ಸ್<2) ಎಂದು ಬರೆದರೆ ನಕ್ಷೆ ಎಲ್ಲೂ ತುಂಡಾಗುವುದಿಲ್ಲ. ಯಂತ್ರ ಎಡದಿಂದ ಓದುತ್ತದೆ: −1<ಎಕ್ಸ್ ಎಂಬುದು 0 ಅಥವಾ 1 ಆಗುತ್ತದೆ, ಎರಡೂ 2ಕ್ಕಿಂತ ಕಡಿಮೆಯೇ, ಹಾಗಾಗಿ ಉತ್ತರ ಯಾವಾಗಲೂ ನಿಜ. (−1<ಎಕ್ಸ್)(ಎಕ್ಸ್<2) ಎಂದು ಎರಡು ಆವರಣದ ಗುಣಲಬ್ಧವಾಗಿ ಬರೆದು, ಇಡಿಯಾಗಿ ಇನ್ನೊಂದು ಆವರಣದಲ್ಲಿ ಹಾಕಿ ಭಾಗಿಸಿ. ಡೆಸ್ಮೋಸ್ ಎಂಬ ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಈ ಕಾಟವಿಲ್ಲ; ಫಂಕ್ಷನ್ನಿನ ಮುಂದೆ ಸುರುಳಿ ಆವರಣದಲ್ಲಿ −1<ಎಕ್ಸ್<2 ಎಂದೇ ಬರೆದರೆ ಒಪ್ಪಿಕೊಳ್ಳುತ್ತದೆ.

ಕ್ಯಾಸಿಯೊ ಇದ್ದರೆ

ಎಫ್‌ಎಕ್ಸ್-9750 ಜಿಐಐನಂಥ ಮಾದರಿಗಳಲ್ಲಿ ಮೆನುವಿನಿಂದ ಗ್ರಾಫ್ ಆರಿಸಿ, ಫಂಕ್ಷನ್ ಬರೆದು ‘ಇಎಕ್ಸ್‌ಇ’ ಒತ್ತಿ. ವಿಂಡೋಗೆ ‘ಶಿಫ್ಟ್’, ‘ಎಫ್3’. ಅಲ್ಲಿ ಇನಿಟ್ ಆರಿಸಿದರೆ −6.3ರಿಂದ 6.3, −3.1ರಿಂದ 3.1 ಬರುತ್ತದೆ, ಚುಕ್ಕಿಗೆ 0.1, ಟಿಐನ ಝೂಮ್ ಡೆಸಿಮಲ್ ಮಾಡುವ ಕೆಲಸವೇ. ಎಸ್‌ಟಿಡಿ ಆರಿಸಿದರೆ −10ರಿಂದ 10. ಶೂನ್ಯತೆ, ಗರಿಷ್ಠ, ಛೇದನ ಬಿಂದುಗಳಿಗೆ ನಕ್ಷೆ ಇರುವಾಗ ‘ಶಿಫ್ಟ್’, ‘ಎಫ್5’. ಇಲ್ಲಿ ಎಡ ಬಲ ಮಿತಿ ಕೇಳುವುದಿಲ್ಲ. ವಿಂಡೋದೊಳಗಿನ ಎಡತುದಿಯ ಶೂನ್ಯತೆ ಮೊದಲು ಸಿಗುತ್ತದೆ, ಬಲ ಬಾಣ ಒತ್ತಿದರೆ ಮುಂದಿನದು. ತುಂಡು ನಕ್ಷೆಗೆ ಫಂಕ್ಷನ್ನಿನ ನಂತರ ಅಲ್ಪವಿರಾಮ ಹಾಕಿ ಚೌಕ ಆವರಣದಲ್ಲಿ ಎರಡು ಮಿತಿಗಳನ್ನು ಬರೆದರೆ ಸಾಕು: ಎಕ್ಸ್²,[−1,2]. ರೇಡಿಯನ್ ಡಿಗ್ರಿ ಬದಲಿಸುವುದು ‘ಶಿಫ್ಟ್’, ‘ಮೆನು’ ಒತ್ತಿ ಬರುವ ಸೆಟಪ್‌ನಲ್ಲಿ.